ಮಂದೆಯ ಹಿಂದೆ ಹೊರಟ ಹುರಿಹಿಟ್ಟು

ಅಫ್ಸರ್ ಬೇಗಂ ಅವರ ಬಾಯಿ ಸ್ವಲ್ಪ ಜೋರು. ಶಿಕಾರಿಪುರದಲ್ಲಿ ಅದು ಎಲ್ಲರಿಗೂ ಗೊತ್ತು. ಅವರ ಗಂಡ, ಕುರಿ ವ್ಯಾಪಾರದ ನಜೀರ್ ಸಾಬರಿಗೆ ಇನ್ನೂ ಚೆನ್ನಾಗಿ ಗೊತ್ತು. ಮಹಿಳಾ ಸಂಘದಲ್ಲಿ ರಾಗಿ, ಹೆಸರುಕಾಳು, ಶೇಂಗಾ ಹುರಿದು ಬೀಸಿ, ಸೊರಗಿದ ಮಕ್ಕಳಿಗೆ ಹುರಿಹಿಟ್ಟು ಹಂಚುವುದು ಬೇಗಂ ಅವರ ಕೆಲಸ. ಸೊರಬದಲ್ಲೂ ಇಂಥದೇ ಒಂದು ಸಂಸ್ಥೆಯಿದೆ. ಅವರದು ಮೊಟ್ಟೆ, ಚಿಕ್ಕಿ. ಮೊದಲೆಲ್ಲ ಎರಡೂ ಕಡೆಯವರು ಒಂದೇ ಊರಿಗೆ ಹೋಗಿ ಒಂದೇ ಮಗುವಿಗೆ ತಿನ್ನಿಸಿ ಬರುತ್ತಿದ್ದರು. ಆಮೇಲೆ ಕೂತು ಮಾತಾಡಿ, ತಾಲ್ಲೂಕಿನ ಗಡಿ ಹಿಡಿದು ಊರು ಹಂಚಿಕೊಂಡು, ಭಾರಿ ಕೆಲಸ ಮಾಡಿದೆವೆಂದು ಬೀಗಿದರು. ಗಡಿ ದಾಟಿ ಮೇಯುವ ಕುರಿಗಳೂ ಅವುಗಳ ಹಿಂದೆ ಹೋಗುವ ಮಕ್ಕಳೂ ಯಾರ ನೆನಪಿಗೂ ಬರಲಿಲ್ಲ.

ಕುರಿಗಾಹಿ ಸಣ್ಣಬೀರಪ್ಪನ ಮಂದೆ ಗೊಬ್ಬರಕ್ಕೆಂದು ಶಿಕಾರಿಪುರದ ಕಡೆಯ ತಾಳಗುಂದದ ಹೊಲಗಳಲ್ಲಿ ತಂಗಿದ್ದಾಗ ಅವನ ಮೊಮ್ಮಗಳು ಮಧುಶ್ರೀಯ ಸೊರಗು ತಿಳಿಯಲು ತೋಳಿಗೆ ಸುತ್ತುವ ಅಳತೆಪಟ್ಟಿ ಸಂಘದ ಹಿಟ್ಟು ತಿಂದ ಮೇಲೆ ಹಳದಿಯಿಂದ ಹಸಿರಿಗೆ ಬಂದಿತ್ತು. ಬೇಗಂ ಆ ಖುಷಿಯನ್ನು ಗಂಡನಿಗೆ ಸಾಕಾಗುವಷ್ಟು ಹೇಳಿದ್ದರು. ಭತ್ತದ ಕೊಯ್ಲು ಮುಗಿದದ್ದೇ ಮಂದೆ, ಬೇಗಂ ಕೊಟ್ಟ ಹಿಟ್ಟಿನೊಂದಿಗೆ, ಗಡಿಯಾಚೆ ಸೊರಬ ತಾಲ್ಲೂಕಿನ ಜಡೆಯ ಗದ್ದೆಗಳಿಗೆ ಹೊರಟಿತು. ಕೆಲವು ವಾರಗಳ ಮೇಲೆ ಕುರಿ ಕೊಳ್ಳಲು ಅತ್ತ ಹೋಗಿ ಬಂದ ನಜೀರ್ ಸಾಬ್, "ಆ ಕೂಸು ಬಾಳ ಸೊರಗೈತೆ" ಎಂದರು.

ಮರುದಿನ ಬೆಳಗಿನ ಬಸ್ಸಿಗೇ ಬೇಗಂ ಜಡೆಗೆ ಹೋದರು. ಪಟ್ಟಿ ಕೆಂಪಿಗೆ ತಾಗುವಂತಿತ್ತು. ಅವರಿಗೆ ತಡೆಯಲಾಗಲಿಲ್ಲ.

"ಹಿಟ್ಟೆಲ್ಲ ದೊಡ್ಡೋರೇ ಮುಗಿಸಿದ್ರೇನು ನಿಂಗಮ್ಮ?"

ಮಗುವಿನ ತಾಯಿ ನಿಂಗಮ್ಮ ತಲೆ ಎತ್ತಲಿಲ್ಲ. "ಇಲ್ಲ ಕಣ್ರೀ ಅಮ್ಮ. ಮುಗೀತಾ ಬಂತು ಅಂತ ನೀರು ಜಾಸ್ತಿ ಹಾಕಿ ಕುಡಿಸ್ದೆ. ಇಲ್ಲಿ ಸೊರಬದೋರ್ನ ಕೇಳಿದ್ರೆ ನೀವು ಶಿಕಾರಿಪುರದ ಕಡೆಯೋರು ಅಂದ್ರು. ಇನ್ನೊಬ್ರ ಗದ್ದೇಲಿ ಕುಂತು ಎಷ್ಟು ಸಲ ಕೇಳಾದು?"

ಬೇಗಂ ನಾಚಿಕೆಯಿಂದ ಕುಗ್ಗಿಹೋದರು. "ತಪ್ಪಾತು ನಿಂಗಮ್ಮ. ಊರು ಹಂಚ್ಕಂಡೋರಲ್ಲಿ ನಾನೂ ಇದ್ದೆ."

ಅಲ್ಲಿಂದ ನೆಟ್ಟಗೆ ಸೊರಬಕ್ಕೆ. ಸಂಸ್ಥೆ ನಡೆಸುವ ಚೈತ್ರಶ್ರೀ, "ನೀವೇ ಕೊಡ್ತಿದೀರಿ ಅಂದ್ಕೊಂಡಿದ್ವಿ ಅಫ್ಸರಮ್ಮ" ಎಂದಳು. ಜಗಳವಾಗಲಿಲ್ಲ, ಆಗಿದ್ದರೆ ಒಳ್ಳೆಯ ಜಗಳವೇ ಆಗುತ್ತಿತ್ತು. ಮಂದೆ ಯಾವ ಕಡೆ ತಂಗಿದರೆ ಆ ಕಡೆಯವರು ಹೋಗಬೇಕು, ಅಲ್ಲಿಂದ ಎದ್ದರೆ ಇನ್ನೊಬ್ಬರಿಗೆ ಫೋನು ಮಾಡಬೇಕು, ಹಿಟ್ಟು ಶಿಕಾರಿಪುರದಿಂದ ಬಸ್ಸಿನಲ್ಲಿ ಬರಬೇಕು, ಮೊಟ್ಟೆ ಸೊರಬದ್ದು ಎಂದು ತೀರ್ಮಾನವಾಯಿತು. ಮಂದೆ ಎಲ್ಲಿದೆಯೆಂದು ಸುದ್ದಿ ಮುಟ್ಟಿಸುವ ಕೆಲಸ, ಕೇಳದೆಯೇ, ನಜೀರ್ ಸಾಬರ ತಲೆಗೆ ಬಿತ್ತು.

ಮಂದೆ ಸೊರಬದ ಕಡೆಯದೇ ಆದ ಹೊಸಬಾಳೆಗೆ ಬಂದಾಗ ಬೇಗಂ ಮತ್ತೆ ನೋಡಲು ಹೋದರು. ಮಧುಶ್ರೀ ಹಿಟ್ಟಿನ ಗಂಜಿ ಕುಡಿದಳು, ಅರ್ಧ ಮೊಟ್ಟೆ ತಿಂದಳು, ಉಳಿದದ್ದನ್ನು ತಾಯಿಯ ಕಡೆ ತಳ್ಳಿ, "ಸಾಕು" ಎಂದಳು. ಗದರಲು ಬಾಯಿ ತೆರೆದ ನಿಂಗಮ್ಮ ಹಾಗೇ ನಿಂತಳು. ಮಗಳ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.