ಆಳದ ಮೀನಿನ ಗೂಡು

ಗುಂಡ್ಲುಪೇಟೆ ಬಿಟ್ಟ ಬಸ್ಸು ಮಂಜಿನೊಳಗೆ ತೇಲುತ್ತಿತ್ತು. ಕಾಲೇಜಿನ ಪಾಠಕ್ಕೆಂದು ಒಯ್ಯುತ್ತಿದ್ದ ಮೊಟ್ಟೆಚೀಲವನ್ನು ಡಬ್ಬಿಯಿಂದ ತೆಗೆದು ನೋಡುತ್ತಾ ಕೂತಿದ್ದೆ. ಆಳ ಸಮುದ್ರದ, ತೊರಕೆಯಂಥ ಚಪ್ಪಟೆ ಮೀನೊಂದರ ಮರಿ ಬೆಳೆಯುವ ಚೀಲ ಅದು. ಕಪ್ಪಗಿತ್ತು, ಮೂಲೆಗೊಂದು ಕೊಂಬಿತ್ತು. ರೇಷ್ಮೆಗೂಡಿನ ಗಂಟು ಹಿಡಿದು ಚಾಮರಾಜನಗರದ ಮಾರ್ಕೆಟ್ಟಿಗೆ ಹೊರಟಿದ್ದ ಪಕ್ಕದ ಹೆಂಗಸು ಕೇಳದೆಯೇ ಅದನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಗೂಡಿನೊಳಗೆ ಹುಳ ಹೇಗಿದೆ ಎಂದು ಅವರು ನೋಡುವುದೇ ಹಾಗೆ.

"ಖಾಲಿ ಕಣವ್ವ. ಸೀಳ್ಕಂಡು ಒಂಟೋಗದೆ," ಎಂದರು. "ಎಷ್ಟ್ ದಿನ ಇರ್ತದೆ ಒಳ್ಗೆ?"

"ಇದು ಸಮುದ್ರದ ಮೀನಿನ ಗೂಡು. ಕೆಲವು ಮರಿ ವರ್ಷಗಟ್ಟಲೆ ಇರ್ತವೆ. ಬಿಸಿಲೇ ಇಳಿಯದ ತಣ್ಣನೆಯ ತಳ ಅಲ್ವಾ, ನಿಧಾನಕ್ಕೆ ಬೆಳೀತವೆ. ಒಳಗೇ ಬಾಲ ಆಡಿಸ್ತಾ, ನೀರು ಎಳ್ಕೊಂಡು ಉಸಿರಾಡ್ತಿರ್ತವೆ."

ಅವರು ಚೀಲವನ್ನು ನನ್ನ ಡಬ್ಬಿಗಿಟ್ಟು ತಮ್ಮ ಗಂಟಿನ ಮೇಲೆ ಕೈಯಾಡಿಸಿದರು.

"ನಮ್ವು ಆಚ್ಗೆ ಬಂದ್ರೆ ಗೂಡು ತೂತಾಯ್ತದೆ, ಯಾರೂ ತಕಳಲ್ಲ. ಅದ್ಕೇ ಮುಂಚೇನೇ ಬೇಯ್ಸ್‌ಬುಡ್ತಾರೆ."

ಇಳಿಯುವ ಮೊದಲು ಗಂಟು ಬಿಚ್ಚಿ, ನಾಲ್ಕೈದು ಗೂಡು ಅಲ್ಲಾಡಿಸಿ ಕೇಳಿ, ಒಂದನ್ನು ಆರಿಸಿ ನನ್ನ ಡಬ್ಬಿಯಲ್ಲಿ ಆ ಕಪ್ಪು ಚೀಲದ ಪಕ್ಕ ಇಟ್ಟರು.

"ಐದಾರ್ ದಿನ ಮುಚ್ಚಳ ಆಕ್ಬೇಡ ಕಣವ್ವ," ಎಂದರು.