ಮೂಲೆ ಸೈಟಿನ ಹುಚ್ಚಮ್ಮ

ಹುಚ್ಚಮ್ಮನ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡುವುದು ನನ್ನಿಂದಾಗದ ಕೆಲಸ. ಆದರೂ ಅವಳನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿಲ್ಲ. ಮಲ್ಲಂದೂರಿನ ಪಕ್ಕದ ಎಸ್ಟೇಟಿನಲ್ಲಿ ಮೂವತ್ತೆರಡು ವರ್ಷ ನಾನು ರೈಟರ್, ಹಾಜರಿ ಬರೆಯುವವನು. ಅವಳು ಕಾಫಿ ಹಣ್ಣು ಕೊಯ್ಯುವವಳು.

ಅವಳು ಹುಟ್ಟಿದ್ದೇ ಎಸ್ಟೇಟಿನ ಲೈನ್ ಮನೆಯಲ್ಲಿ, ಕೂಲಿಯವರ ಸಾಲು ಮನೆಯಲ್ಲಿ. ಗಂಡ ದಾಸಯ್ಯ ಏಣಿ ಹತ್ತಿ ಮೆಣಸು ಕೊಯ್ಯುತ್ತಿದ್ದವನು, ಮಗಳು ರಂಜಿತಾ ನಡೆಯುವ ಮೊದಲೇ ಕಾಮಾಲೆಯಲ್ಲಿ ತೀರಿಹೋದ. ತಿಂಗಳು ತುಂಬುವ ಮೊದಲೇ ಹುಚ್ಚಮ್ಮ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸಕ್ಕೆ ಬಂದಳು. ಆ ವರ್ಷ ಎಲ್ಲರಿಗಿಂತ ಹೆಚ್ಚು ಹಣ್ಣು ಕೊಯ್ದವಳೂ ಅವಳೇ. ಯಜಮಾನ ರಂಗನಾಥ ಅವರು ತೂಕದ ಹತ್ತಿರ ನಿಂತು ಹೊಗಳಿದರು. ಒಂದು ದಿನವೂ ತಪ್ಪದೆ ಹಾಜರಿ ಬರೆದ ನನ್ನನ್ನು ಯಾರೂ ಯಾವತ್ತೂ ಹೊಗಳಲಿಲ್ಲ. ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಗಿದ್ದು ಎಂದು ಈಗ ಅನ್ನಿಸುತ್ತದೆ.

ಯಜಮಾನರು ಹಳೆಯ ನರ್ಸರಿಯ ಎರಡು ಎಕರೆಯನ್ನು ನಮ್ಮದೂ ಸೇರಿ ಹಳೆಯ ಕೆಲಸಗಾರರ ಹನ್ನೆರಡು ಕುಟುಂಬಕ್ಕೆ ಬಿಟ್ಟುಕೊಟ್ಟರು. ನಕ್ಷೆಯ ಪ್ರಕಾರ ಹನ್ನೆರಡು ಮನೆಯೂ ಕೆಳಗಡೆ ಒಂದೇ ಕಡೆ ಗುಂಪಾಗಿ ಬರಬೇಕು, ಮೇಲಿನ ಜಾಗ ಎಲ್ಲರಿಗೂ ಸೇರಿದ ಬಯಲಾಗಿ ಉಳಿಯಬೇಕು. ರಸ್ತೆ ಕಡೆಗೆ ಪ್ರತಿ ಮನೆಯೂ ಹತ್ತಡಿ ಖಾಲಿ ಬಿಡಬೇಕು. ಮೂಲೆ ಸೈಟಿಗೆ ಎರಡು ಕಡೆ ರಸ್ತೆಯಾದ್ದರಿಂದ ಎರಡು ಕಡೆಯೂ ಹತ್ತಡಿ. ಚೀಟಿ ಎತ್ತಿದಾಗ ಮೂಲೆ ಹುಚ್ಚಮ್ಮನಿಗೆ ಬಂತು. ಮನೆ ಕಟ್ಟಲು ಉಳಿಯುವುದು ಅಂಗೈಯಷ್ಟು ಜಾಗ. 'ಪಾಪ' ಎಂದು ಎಲ್ಲರೆದುರು ಹೇಳಿದೆ. ಒಳಗೊಳಗೆ ಖುಷಿಯಾಗಿತ್ತು.

ಹತ್ತಡಿಯ ಗುರುತು ಹಾಕಿದವನು ನಾನೇ. ಕಾಫಿ ಗಿಡದ ಗುಂಡಿಗೆ ಗುರುತು ಮಾಡುವ ನಾರಿನ ಹಗ್ಗ ನನ್ನ ಹತ್ತಿರ ಇತ್ತು. ಬೇಸಗೆಯಲ್ಲೇ ಅಳೆದು ಹತ್ತಡಿಗೆ ಕೆಂಪು ಬಟ್ಟೆ ಕಟ್ಟಿಟ್ಟಿದ್ದೆ. ಗೂಟ ಹೊಡೆಯುವ ದಿನ ಜೂನಿನ ಮಳೆ ಹಿಡಿದಿತ್ತು. ಹುಚ್ಚಮ್ಮ ಹಗ್ಗದ ಇನ್ನೊಂದು ತುದಿ ಹಿಡಿದಿದ್ದಳು.

"ರೈಟ್ರೇ, ಹಗ್ಗ ನೆಂದು ಗಿಡ್ಡ ಆಗಿದೆ. ಒಣಗ್ಲಿ, ಆಮೇಲೆ ಅಳೆಯುವ."

"ನನಗೆ ಹಗ್ಗ ಹಿಡಿಯೋದು ಕಲಿಸ್ತೀಯಾ? ಸುಮ್ನೆ ಹಿಡ್ಕೋ."

ಹಿಡಿದಳು. ಕೆಂಪು ಬಟ್ಟೆ ಬಂದಲ್ಲೆಲ್ಲ ಗೂಟ ಹೊಡೆದೆ.

ಮನೆಗಳು ಎದ್ದವು. ನಮ್ಮದು ನಾಲ್ಕು ಕೋಣೆಯ ಮನೆ, ಮುಂದೆ ಚಪ್ಪಡಿ ಕಲ್ಲಿನ ಜಗಲಿ. ಅವಳದು ಎರಡೇ ಕೋಣೆ, ಎರಡೂ ರಸ್ತೆ ಕಡೆ ಗೋಡೆಯಿಂದ ಒಂದೂವರೆ ಅಡಿ ಮುಂದೆ ಬಂದ ಮಣ್ಣಿನ ಜಗಲಿ. ಆದರೆ ಸುತ್ತ ಎಷ್ಟು ಖಾಲಿ ಜಾಗ! ಅಲ್ಲಿ ಬಸಳೆ ಹಬ್ಬಿಸಿದಳು, ಡೇರೆ ಹೂ ನೆಟ್ಟಳು. ಎದುರಿಗೇ ಬಯಲು. ಅಲ್ಲಿ ಯಾರು ಮೆಣಸು ಒಣಗಿಸಲಿ, ಯಾರು ಜಗಳ ಆಡಲಿ, ಎಲ್ಲ ಅವಳ ಜಗಲಿಗೇ ಕಾಣುತ್ತದೆ. ಸಂಜೆಯಾದರೆ ಹೆಂಗಸರೆಲ್ಲ ಅಲ್ಲೇ ಕೂರುತ್ತಿದ್ದರು. ಕೊನೆಗೆ ನನ್ನ ಹೆಂಡತಿ ತಂಗಮ್ಮನೂ ಕಾಫಿ ಲೋಟ ಹಿಡಿದುಕೊಂಡೇ ಹೊರಟಳು.

"ನಮ್ಮನೇಲಿ ಜಗಲಿ ಇಲ್ವಾ?" ಎಂದೆ.

"ಉಂಟು. ನೀವೂ ಅಲ್ಲೇ ಕೂತಿರ್ತೀರಲ್ಲ!" ಎಂದು ಹೋದಳು.

ಅಂದೇ ತೀರ್ಮಾನಿಸಿದೆ, ಹುಚ್ಚಮ್ಮನ ಜಗಲಿ ಹೋಗಬೇಕು. ಉಳಿದವರ ಜಗಲಿಯ ಅಂಚು ನಾನು ಹೊಡೆದ ಗೂಟದ ಗೆರೆಗೇ ನಿಂತಿತ್ತು. ಅಷ್ಟು ಚಿಕ್ಕ ಜಾಗದಲ್ಲಿ ಅವಳು ಗೋಡೆಯನ್ನೇ ಆ ಗೆರೆಗೆ ತಂದಿರಬೇಕು, ಹಾಗಾದರೆ ಮುಂದೆ ಬಂದ ಜಗಲಿ ಖಾಲಿ ಬಿಡಬೇಕಾದ ಹತ್ತಡಿಯೊಳಗೇ ಬಂದಿರಬೇಕಲ್ಲ. ಅಳೆದು ನೋಡುವ ಗೋಜಿಗೂ ಹೋಗಲಿಲ್ಲ. ಪಂಚಾಯಿತಿಗೆ ಎರಡು ಪುಟ ಅರ್ಜಿ ಬರೆದೆ. ಬರೆಯುವಾಗ ಆದ ಸಂತೋಷ ನನ್ನ ಸರ್ವೀಸಿನಲ್ಲೇ ಆಗಿರಲಿಲ್ಲ.

ಇಂಜಿನಿಯರ್ ಧನ್ಯಾ ಎಂಬ ಹುಡುಗಿ ಉಕ್ಕಿನ ಟೇಪು ಹಿಡಿದು ಬಂದಳು. ಹನ್ನೆರಡು ಮನೆಯವರೂ ಹೊರಗೆ ನಿಂತರು. ಮೊದಲು ಮೂಲೆ ಮನೆಯನ್ನೇ ಅಳೆದಳು. ರಸ್ತೆಯಿಂದ ಜಗಲಿಯ ಅಂಚಿಗೆ ಒಂದು ಕಡೆ ಹತ್ತಡಿ ಮೂರಿಂಚು, ಇನ್ನೊಂದು ಕಡೆ ಹತ್ತಡಿ ಎರಡಿಂಚು.

"ಇದು ಸರಿ ಇದೆ ಸಾರ್. ಬಂದಿದ್ದೀನಲ್ಲ, ಎಲ್ಲ ಮನೇನೂ ನೋಡಿಬಿಡ್ತೀನಿ."

ಉಳಿದ ಹನ್ನೊಂದು ಮನೆಯ ಜಗಲಿಯೂ ಒಂಬತ್ತೂವರೆ ಅಡಿಗೇ ನಿಂತಿತ್ತು. ಅರ್ಧ ಅಡಿ ಒಡೆಯದಿದ್ದರೆ ಯಾರ ಮನೆಗೂ ಪಂಚಾಯಿತಿಯ ಇ-ಸ್ವತ್ತು ಖಾತೆ ಸಿಗುವುದಿಲ್ಲ ಎಂದಳು ಧನ್ಯಾ. ಹನ್ನೊಂದೂ ಒಂದೇ ಅಳತೆಯಲ್ಲಿ ತಪ್ಪಿದ್ದು ಹೇಗೆ ಎಂದು ಅವಳಿಗೇ ಆಶ್ಚರ್ಯ. ನಾನು ಹುಚ್ಚಮ್ಮನ ಬಾಯಿಯನ್ನೇ ನೋಡುತ್ತಿದ್ದೆ. ಅವಳು ಬಸಳೆ ಬಳ್ಳಿ ಸರಿಮಾಡುತ್ತಾ ನಿಂತಳು. ಬಾಯಿ ಬಿಟ್ಟವಳು ತಂಗಮ್ಮ.

"ಹಗ್ಗ ನೆಂದು ಗಿಡ್ಡ ಆಗಿದೆ ಅಂತ ಹುಚ್ಚಮ್ಮ ಅವತ್ತೇ ಹೇಳಿದ್ಲು. ಇವರು ಕೇಳ್ಬೇಕಲ್ಲ!"

"ನನ್ ಮನೆಗೆ ನಾನು ಗೂಟದಿಂದ ಎರಡಡಿಗೂ ಜಾಸ್ತಿ ಹಿಂದೆ ಸರಿದೇ ಪಾಯ ತೋಡಿಸ್ದೆ. ರೈಟ್ರ ಹಗ್ಗಾನ ಎಂಥ ನಂಬೋದು?" ಎಂದು ಹುಚ್ಚಮ್ಮ ನಕ್ಕಳು. ಹನ್ನೊಂದು ಮನೆಯವರಲ್ಲಿ ಯಾರೂ ನಗಲಿಲ್ಲ. ಎರಡನೇ ಮನೆಯ ಓಂಕಾರಪ್ಪ ನನ್ನ ಕಡೆ ನೋಡಿ ಉಗುಳಿ ಒಳಗೆ ಹೋದ.

ವಾರದೊಳಗೆ ಸಾಲಿಡೀ ಸುತ್ತಿಗೆ ಸದ್ದು. ನನ್ನ ಜಗಲಿಯ ಅಂಚಿನ ಚಪ್ಪಡಿಗಳನ್ನು ಕಿತ್ತು ಬದಿಗಿಟ್ಟ ದಿನ ಹುಚ್ಚಮ್ಮ ಬಂದು ನಿಂತಳು. ಸಮಾಧಾನ ಹೇಳಲು ಬಂದಿದ್ದಾಳೆ ಎಂದುಕೊಂಡು ಹಲ್ಲು ಕಚ್ಚಿದೆ.

"ರೈಟ್ರೇ, ಈ ಕಲ್ಲು ನಿಮಗೆ ಬೇಡವಾದ್ರೆ ನಾನು ತಗೊಂಡು ಹೋಗ್ಲಾ? ಕೂರೋಕೆ ಬರೋರು ಜಾಸ್ತಿ ಆಗಿದಾರೆ, ಜಾಗ ಸಾಲಲ್ಲ."

"ತಗೊಂಡ್ ಹೋಗು ಮಾರಾಯ್ತಿ," ಎಂದಳು ತಂಗಮ್ಮ, ನನ್ನನ್ನು ಕೇಳದೆ.

ನಾಲ್ಕು ಚಪ್ಪಡಿಯನ್ನೂ ಇಬ್ಬರೂ ಸೇರಿ ಹೊತ್ತರು. ಡೇರೆ ಗಿಡದ ಪಕ್ಕ, ಆ ಖಾಲಿ ಹತ್ತಡಿಯಲ್ಲಿ, ಇಟ್ಟಿಗೆಯ ಮೇಲೆ ಜೋಡಿಸಿದರು. ಅದೂ ನಿಯಮಕ್ಕೆ ವಿರುದ್ಧ ಇರಬಹುದೆಂದು ಧನ್ಯಾಗೆ ಫೋನು ಮಾಡಿದೆ. ಸುಮ್ಮನೆ ಇಟ್ಟ ಕಲ್ಲು ಕಟ್ಟಡ ಆಗೋದಿಲ್ಲ ಸಾರ್ ಎಂದಳು. ಈಗ ತಂಗಮ್ಮ ದಿನಾ ಸಂಜೆ ನಮ್ಮ ಕಲ್ಲಿನ ಮೇಲೆಯೇ ಕೂತು ಕಾಫಿ ಕುಡಿಯುತ್ತಾಳೆ, ಹುಚ್ಚಮ್ಮನ ಅಂಗಳದಲ್ಲಿ.