ಯಾರ ಎಂಜಲು ಯಾವುದು

ವೆಂಕಟರತ್ನಮ್ಮನ ಕಣ್ಣಿಗೆ ಕೆಂಚಾರ್ಲಹಳ್ಳಿಯಲ್ಲಿ ಬುದ್ಧಿವಂತರೇ ಇರಲಿಲ್ಲ. ದಿನಾ ಚಿಂತಾಮಣಿಯಿಂದ ಬಸ್ಸಿನಲ್ಲಿ ಬಂದು ಏಳನೇ ಕ್ಲಾಸಿಗೆ ವಿಜ್ಞಾನ ಹೇಳುವ ಈ ಟೀಚರಿಗೆ ಹೆಡ್‌ಮಾಸ್ಟರು ದಡ್ಡ, ಊರವರು ಮೂಢರು. "ಇನ್ನೂ ಮಡಿ, ಮೈಲಿಗೆ ಅಂತ ಸಾಯ್ತಾರಲ್ಲ ಈ ಜನ" ಎಂದು ಸ್ಟಾಫ್ ರೂಮಿನಲ್ಲಿ ಮೂಗು ಮುರಿಯುತ್ತಿದ್ದಳು, ಮನೆಯ ಸ್ಟೀಲ್ ಲೋಟದಲ್ಲಿ ಮನೆಯ ನೀರನ್ನೇ ಕುಡಿಯುತ್ತಾ. ಆಯಾ ಆದಿಲಕ್ಷ್ಮಮ್ಮ ತುಂಬಿಟ್ಟ ಬಿಂದಿಗೆಯ ಕಡೆ ಆಕೆ ತಿರುಗಿಯೂ ನೋಡಿದವಳಲ್ಲ.

ಪಾಠಕ್ಕೆ ಮಾತ್ರ ಹೆಸರಿಡುವ ಹಾಗಿರಲಿಲ್ಲ. ಡಿಎನ್‌ಎಯನ್ನು ಮಕ್ಕಳು ಕಣ್ಣಾರೆ ನೋಡಬೇಕೆಂದು ಹೆಡ್‌ಮಾಸ್ಟರನ್ನು ಕಾಡಿ ಬೇಡಿ ಬೀಗ ಜಡಿದಿದ್ದ ಲ್ಯಾಬನ್ನು ತೆರೆಸಿದಳು. ಉಪ್ಪುನೀರು ಮುಕ್ಕಳಿಸಿ ಲೋಟಕ್ಕೆ ಉಗುಳಬೇಕು, ಪಾತ್ರೆ ತೊಳೆಯುವ ಸೋಪು ಬೆರೆಸಬೇಕು, ಮೇಲೆ ತಣ್ಣನೆಯ ಸ್ಪಿರಿಟ್ ಮೆಲ್ಲಗೆ ಇಳಿಬಿಡಬೇಕು. ಮೊದಲು ತಾನೇ ಮಾಡಿ ತೋರಿಸಿದಳು. ಬಿಳಿ ಎಳೆಗಳು ಮೇಲೆದ್ದಾಗ ಮಕ್ಕಳು ಕುಣಿದಾಡಿದವು. ಆ ಗಲಾಟೆಯಲ್ಲಿ ಯಾರ ಲೋಟ ಯಾವುದೆಂಬುದೇ ಕಲಸಿಹೋಯಿತು.

ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಮುನಿಶಾಮಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಒಳನುಗ್ಗಿದ.

"ಏನಮ್ಮಾ ಇದು, ಎಲ್ಲಾರ ಎಂಜಲೂ ಒಂದೇ ಮೇಜಿನ ಮೇಲಾ? ನಮ್ಮ ಹರಿಣಿದು ಬೇರೆ ಇಡು. ಇಲ್ಲಾಂದ್ರೆ ನಾಳೆಯಿಂದ ಲ್ಯಾಬಿಗೆ ಬೀಗ!"

ವೆಂಕಟರತ್ನಮ್ಮನ ನಾಲಿಗೆ ಬಗ್ಗಲಿಲ್ಲ.

"ಆಗ್ಲಿ ಸಾರ್, ಮೊಮ್ಮಗಳದ್ದು ಯಾವುದು ನೀವೇ ಆರಿಸ್ಕೊಳ್ಳಿ. ದೊಡ್ಡ ವಂಶ ಅಲ್ವಾ, ನೋಡಿದ ತಕ್ಷಣ ಗೊತ್ತಾಗುತ್ತೆ."

ಮುನಿಶಾಮಪ್ಪ ಬಗ್ಗಿ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ. ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದರೆ ಸಾಕು, ಬೆಲೆ ಹೇಳುವ ಗಂಡು; ಇಲ್ಲಿ ಪಿಳಿಪಿಳಿ ಕಣ್ಣು ಬಿಟ್ಟ. ಎಲ್ಲ ಲೋಟದಲ್ಲೂ ಅದೇ ಬಿಳಿ ಎಳೆ. ಟೀಚರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ನಂದು ಯಾವುದೋ ನಂಗೂ ಗೊತ್ತಿಲ್ಲ ತಾತಾ. ಮಿಸ್‌ದು ಮಾತ್ರ ಗೊತ್ತು" ಎಂದಳು ಹರಿಣಿ. "ಅಗೋ, ಕಿಟಕಿ ಹತ್ರ. ಅವರ ಸ್ಟೀಲ್ ಲೋಟದಲ್ಲಿ."

ಮುನಿಶಾಮಪ್ಪ ಕಿಟಕಿಯನ್ನೂ ಟೀಚರ ಮುಖವನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ನೀನೂ ನಮ್ಮೋಳೇ ಕಣಮ್ಮಾ. ನಡೀಲಿ ಬಿಡು ನಿನ್ನ ಪಾಠ."

ಲ್ಯಾಬು ಉಳಿಯಿತು. ಅದಕ್ಕಿಂತ ಅವನು ಬೀಗ ಹಾಕಿದ್ದರೇ ಚೆನ್ನಾಗಿತ್ತೆನಿಸಿತು ಆಕೆಗೆ. ಲೋಟ ಎತ್ತಿಡಲು ಹೋಗುವಷ್ಟರಲ್ಲಿ ಹರಿಣಿ ಅದರೊಳಗೆ ಇಣುಕಿಯಾಗಿತ್ತು.

"ಇದೂ ನಮ್ದರ ಥರಾನೇ ಇದೆ ಮಿಸ್. ಮತ್ಯಾಕೆ ಬೇರೆ ಇಟ್ರಿ?"